ಓಡಿಸುವವಳ ಕಾರು

ಜೂನ್ ತಿಂಗಳ ಒಂದು ಶುಕ್ರವಾರ, ಕತಾರಿನ ದೋಹಾದಿಂದ ದುಖಾನ್‌ಗೆ ಮರಳುವ ಹೆದ್ದಾರಿಯ ನಟ್ಟನಡುವೆ ದಾಕ್ಷಾಯಣಿ ಓಡಿಸುತ್ತಿದ್ದ ಹಳೆಯ ಜಪಾನಿ ಕಾರಿನ ಎಸಿ ಗೊರಗೊರ ಸದ್ದು ಮಾಡಿ ನಿಂತೇಹೋಯಿತು. ಕಿಟಕಿ ಇಳಿಸಿದರೆ ಒಲೆಯ ಮುಂದೆ ಮುಖವೊಡ್ಡಿದಂತೆ ಗಾಳಿ, ಏರಿಸಿದರೆ ಉಸಿರು ಕಟ್ಟುವ ಸೆಕೆ. ಹಿಂದಿನ ಸೀಟಿನಲ್ಲಿದ್ದ ಮೆಂತ್ಯ, ಕೊತ್ತಂಬರಿ ಕಟ್ಟುಗಳು ಮನೆ ಮುಟ್ಟುವಷ್ಟರಲ್ಲಿ ಬಾಡಿ ಬತ್ತಿಯಾಗಿದ್ದವು. ಪಕ್ಕದಲ್ಲಿ ಕುಳಿತಿದ್ದ ಗಂಡ ವೀರೇಂದ್ರ ಕುತ್ತಿಗೆ ಒರೆಸಿಕೊಳ್ಳುತ್ತ, "ಇದನ್ನ ಇನ್ನ ರಿಪೇರಿ ಮಾಡಸೂದು ಬ್ಯಾಡ. ಹೊಸಾದು ತಗೊಂಡ ಬಿಡೂಣು" ಎಂದ.

ಎರಡು ವಾರದಲ್ಲಿ ಮುಗಿಯುವ ಕೆಲಸ ಎಂದುಕೊಂಡಳು ದಾಕ್ಷಾಯಣಿ. ಅಕ್ಟೋಬರ್ ಬಂದರೂ ಮುಗಿಯಲಿಲ್ಲ.

ಗಜೇಂದ್ರಗಡದ ಹುಡುಗಿ ಅವಳು. ಮದುವೆಯಾಗಿ ದುಖಾನ್‌ಗೆ ಬಂದಾಗ ಬಸ್ಸಿನ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು ಎನ್ನುವವಳು, ಸ್ಟೇರಿಂಗ್ ಮುಟ್ಟುವ ಆಸೆಯೇ ಇರಲಿಲ್ಲ. ತೈಲ ಕಂಪನಿಯ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೆಲಸ, ಕಂಪನಿಯದೇ ಮನೆ, ಮಗಳ ಶಾಲೆ, ವಾರಕ್ಕೊಮ್ಮೆ ದೋಹಾ. ಕಾರು ಅಂದರೆ ಅದು ವೀರೇಂದ್ರನ ಖಾತೆ. ಅವನು ತೈಲಬಾವಿಗಳ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಮರಳಿನ ಮೇಲೆ ಗಾಡಿ ಓಡಿಸುವುದರಲ್ಲಿ ಅವನ ಸಮ ಇನ್ನೊಬ್ಬನಿಲ್ಲ ಎಂದು ಕ್ಯಾಂಪಿನವರೆಲ್ಲ ಹೇಳುತ್ತಿದ್ದರು.

ಮಗಳು ಬೆಳಗಾವಿಗೆ ಓದಲು ಹೋದ ವರ್ಷ ವೀರೇಂದ್ರನಿಗೆ ಕೆಲಸದ ಜಾಗದಲ್ಲೇ ಫಿಟ್ಸ್ ಬಂತು. ಎರಡು ತಿಂಗಳ ನಂತರ ಇನ್ನೊಮ್ಮೆ ಬಂತು. ವೈದ್ಯರು ಸದ್ಯಕ್ಕೆ ಗಾಡಿ ಓಡಿಸಕೂಡದು ಎಂದರು. ಕಂಪನಿ ಅವನನ್ನು ಬಾವಿಗಳಿಂದ ಎಬ್ಬಿಸಿ ಆಫೀಸಿನ ಮೇಜಿನ ಮುಂದೆ ಕೂರಿಸಿತು. ಆಗ ದಾಕ್ಷಾಯಣಿ, ತಲೆಯಲ್ಲಿ ಬಿಳಿಕೂದಲು ಮೂಡಿದ ಮೇಲೆ, ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಲೈಸೆನ್ಸಿನ ಪೊಲೀಸ್ ಪರೀಕ್ಷೆಯಲ್ಲಿ ಪಾರ್ಕಿಂಗ್‌ನಲ್ಲೇ ಮೂರು ಸಲ ಫೇಲಾದಳು. ಮೂರನೆಯ ಸಲ ಲೇಡೀಸ್ ಟಾಯ್ಲೆಟ್ಟಿನಲ್ಲಿ ಅತ್ತು, ಮುಖ ತೊಳೆದು, ಹೊರಗೆ ಬಂದು ಮುಂದಿನ ತಾರೀಖು ಕೇಳಿದಳು. ನಾಲ್ಕನೆಯ ಸಲ ಪಾಸಾದಳು. ಅಂದಿನಿಂದ ಮನೆಗೆ ಅವಳೇ ಡ್ರೈವರು.

ಇಷ್ಟೆಲ್ಲ ಆದಮೇಲೆ ಹೊಸ ಕಾರು ಯಾರಿಗೆ ಹೊಂದಬೇಕು ಎಂಬುದರಲ್ಲಿ ಅನುಮಾನ ಇರಬಾರದಿತ್ತು. ಆದರೆ ಇತ್ತು.

ಊರ ತುಂಬ ಹೊಸ ಹೊಸ ಚೀನಾ ಕಾರುಗಳು ಬಂದಿದ್ದ ಕಾಲ ಅದು. ವೀರೇಂದ್ರ ಅವುಗಳಲ್ಲಿ ಎರಡನ್ನು ಹಿಡಿದು ಕುಳಿತ. ಒಂದು ಹೈಲಾನ್, ಇನ್ನೊಂದು ರೂಯಿಟಾ. ಎರಡರ ಹೆಸರನ್ನೂ ದಾಕ್ಷಾಯಣಿ ಜೂನ್‌ಗೆ ಮೊದಲು ಕೇಳಿರಲಿಲ್ಲ. ಈಗ ಬೆಳಗಿನ ಉಪ್ಪಿಟ್ಟಿಗೂ ಅದೇ ಮಾತು, ರಾತ್ರಿಯ ರೊಟ್ಟಿಗೂ ಅದೇ. ಟಿವಿಯಲ್ಲಿ ಯಾರೋ ಅರಬ್ಬಿಯಲ್ಲಿ ಹೈಲಾನ್ ಹೊಗಳುತ್ತಿದ್ದರೆ ಮೊಬೈಲಿನಲ್ಲಿ ಇನ್ನಾರೋ ಮಲಯಾಳಂನಲ್ಲಿ ರೂಯಿಟಾ ಹೊಗಳುತ್ತಿದ್ದರು. ಎರಡೂ ಭಾಷೆ ಅರೆಬರೆ ತಿಳಿದ ವೀರೇಂದ್ರ ಎರಡಕ್ಕೂ ತಲೆಯಾಡಿಸುತ್ತಿದ್ದ.

"ಹಂಗಾರ ಹೈಲಾನೇ ತಗೊಳ್ಳೂಣ್ರಿ" ಎಂದು ಅವಳು ಅಂದರೆ, "ತಡೀ ತಡೀ, ರೂಯಿಟಾದ ಗೇರಬಾಕ್ಸ್ ಭಾಳ ಚಲೋ ಐತಂತ" ಎನ್ನುತ್ತಿದ್ದ. "ಸರಿ, ರೂಯಿಟಾ" ಎಂದರೆ, "ಅದರ ಸರ್ವಿಸ್ ಸೆಂಟರ್ ದೂರ ಆಕ್ಕೈತಿ, ವಿಚಾರ ಮಾಡಬೇಕು" ಎನ್ನುತ್ತಿದ್ದ. ಅವಳು ಎತ್ತ ವಾಲಿದರೆ ಅವನು ಅದರ ಎದುರಿಗೆ ವಾಲುತ್ತಿದ್ದ.

ಕ್ಲಿನಿಕ್ಕಿನ ಅಕೌಂಟ್ಸ್‌ನ ಫಿಡೆಲಿಸ್, ಶಿರ್ವದವನು, ಒಂದು ಸಂಜೆ ಮನೆಗೆ ಬಂದು ಈ ಚರ್ಚೆಗೆ ಇನ್ನಷ್ಟು ಸೀಮೆಎಣ್ಣೆ ಸುರಿದ. "ಚೈನಾದ್ದು ಎರಡೂ ಬೇಡ ಮಾರಾಯ್ರೆ. ಐದು ವರ್ಷ ಆದ ಮೇಲೆ ಸ್ಪೇರ್ ಪಾರ್ಟ್ಸಿಗೆ ಎಲ್ಲಿಗೆ ಹೋಗ್ತೀರಿ?" ಎಂದ. ವೀರೇಂದ್ರ ಅದನ್ನೂ ಮನಸ್ಸಿಗೆ ಹಚ್ಚಿಕೊಂಡು ಒಂದು ವಾರ ಯೋಚಿಸಿದ. ಅದೇ ಫಿಡೆಲಿಸ್ ಮರುತಿಂಗಳು ಮೂರನೆಯದೇ ಒಂದು ಚೀನಾ ಕಾರು ಕೊಂಡು ಕ್ಲಿನಿಕ್ಕಿನ ಎದುರು ನಿಲ್ಲಿಸಿದ. ದಾಕ್ಷಾಯಣಿ ಅವನಿಗೆ ಲಾಡು ಕೊಟ್ಟು ಅಭಿನಂದಿಸಿದಳು.

ಹೈಲಾನ್ ಶೋರೂಮಿಗೆ ಹೋದ ದಿನ ತಾಹಿರ್ ಎಂಬ ಸೇಲ್ಸ್‌ಮನ್ ನಗುನಗುತ್ತಾ ಬಂದು ವೀರೇಂದ್ರನ ಕೈಕುಲುಕಿದ, ಕಾರ್ಡನ್ನು ವೀರೇಂದ್ರನಿಗೆ ಕೊಟ್ಟ, ಡ್ರೈವರ್ ಬಾಗಿಲು ತೆರೆದು ಹಿಂದಿಯಲ್ಲಿ, "ಕೂತು ನೋಡಿ ಸರ್" ಎಂದ. ವೀರೇಂದ್ರ ಕೂತೇಬಿಟ್ಟ. ದಾಕ್ಷಾಯಣಿಯನ್ನು ತಾಹಿರ್ ಹಿಂದೆ ಕರೆದುಕೊಂಡು ಹೋಗಿ ಡಿಕ್ಕಿ ತೋರಿಸಿ, "ಮೇಡಂ, ಎಷ್ಟು ಸಾಮಾನಾದರೂ ಹಿಡಿಸುತ್ತದೆ" ಎಂದ.

"ಓಡಿಸುವವಳು ನಾನು" ಎಂದಳು ಅವಳು.

ತಾಹಿರ್ ನಗುತ್ತಲೇ ವೀರೇಂದ್ರನ ಕಡೆ ನೋಡಿದ, ಹೌದೋ ಅಲ್ಲವೋ ಎಂದು ಅವನು ಹೇಳಬೇಕು ಎಂಬಂತೆ. ವೀರೇಂದ್ರ ನಿಧಾನಕ್ಕೆ ಇಳಿದು, "ಹೌದು, ಲೈಸೆನ್ಸ್ ಅವರದು" ಎಂದ.

ಸೀಟು ಎತ್ತರವಾಗಿತ್ತು. ಅವಳಂಥ ಗಿಡ್ಡ ಹೆಂಗಸಿಗೂ ಬಾನೆಟ್ಟಿನ ತುದಿ ಕಾಣುತ್ತಿತ್ತು. ಎಸಿಗೆ, ವೈಪರಿಗೆ ಕೈಗೆಟುಕುವ ಗುಂಡಿಗಳಿದ್ದವು. ಆದರೆ ಓಡಿಸಿ ನೋಡುವಾಗ ಕಾರು ಬೈಯುತ್ತಿತ್ತು. ರಸ್ತೆಯ ಗೆರೆ ಮುಟ್ಟಿದರೆ ಕುಂಯ್ ಅನ್ನುತ್ತಿತ್ತು. ಪಕ್ಕದ ಕನ್ನಡಿಯನ್ನು ಎರಡು ಕ್ಷಣ ಹೆಚ್ಚು ನೋಡಿದರೆ ಒಳಗಿನಿಂದ ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ರಸ್ತೆಯ ಮೇಲೆ ಗಮನವಿಡಿ ಎನ್ನುತ್ತಿತ್ತು. ಅವಳು ಆಕಳಿಸಿದಾಗ ಕಾಫಿ ಕುಡಿದು ವಿಶ್ರಾಂತಿ ತೆಗೆದುಕೊಳ್ಳಲು ಹೇಳಿತು.

"ಭಾಳ ಶಾಣ್ಯಾ ಕಾರು" ಎಂದ ವೀರೇಂದ್ರ ಖುಷಿಯಿಂದ.

"ಇಷ್ಟ್ ಹೇಳಾಕ ನೀವ ಸಾಕಲ್ರಿ" ಎಂದಳು.

ರೂಯಿಟಾ ಬೇರೆಯೇ ಥರ. ಒಳಗೆ ಮೆತ್ತಗೆ, ತಣ್ಣಗೆ, ಚಕಾರವಿಲ್ಲ. ತಲೆಯ ಮೇಲೆ ಪೂರಾ ಗಾಜು, ಕತಾರಿನ ಬಿಸಿಲಿಗೆ ಹೇಳಿ ಮಾಡಿಸಿದ ಹಾಗೆ ಎಂದು ಅವಳು ಮನಸ್ಸಿನಲ್ಲೇ ಗೊಣಗಿದಳು. ಎಸಿ ಕಡಿಮೆ ಮಾಡಬೇಕೆಂದರೂ ಟಿವಿಯಷ್ಟು ದೊಡ್ಡ ಪರದೆಯ ಮೇಲೆ ಮೂರು ಕಡೆ ಒತ್ತಬೇಕು. ಸೀಟು ಎಷ್ಟು ಏರಿಸಿದರೂ ಅವಳಿಗೆ ಮುಂದಿನ ಗಾಡಿಯ ಬೆನ್ನು ಅರ್ಧವೇ ಕಾಣುತ್ತಿತ್ತು. ಆರಡಿಯ ವೀರೇಂದ್ರ ಇದನ್ನು ಒಪ್ಪಲಿಲ್ಲ. "ಚಲೋ ಕಾಣಸ್ತೈತಲ್ಲ" ಎಂದ. ಅವನು ಆಗ ಡ್ರೈವರ್ ಸೀಟಿನಲ್ಲಿದ್ದ. ಸೀಟು ಹಿಂದಕ್ಕೆ ತಳ್ಳಿ, ಕನ್ನಡಿಗಳನ್ನು ಒಂದೊಂದಾಗಿ ತನ್ನ ಕಣ್ಣಳತೆಗೆ ತಿರುಗಿಸಿಕೊಂಡಿದ್ದ.

ಅವತ್ತು ವಾಪಸು ಬರುವಾಗ ಇಳಿಸಿದ ಕಿಟಕಿಗಳಿಂದ ಧೂಳು ನುಗ್ಗಿ ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ವೀರೇಂದ್ರ ಮಾತ್ರ ಮೈಲೇಜು, ವಾರಂಟಿ ಎಂದು ಬಿಡದೆ ಹೇಳುತ್ತಿದ್ದ. "ಮುಂದಿನ ಶುಕ್ರವಾರ ಇನ್ನೊಮ್ಮೆ ಎರಡೂ ನೋಡೂಣು" ಎಂದಾಗ ಅವಳು ಇಂಡಿಕೇಟರ್ ಹಾಕಿ, ಹೆದ್ದಾರಿಯ ಪೆಟ್ರೋಲ್ ಪಂಪಿಗೆ ಕಾರು ತಿರುಗಿಸಿ, ನೆರಳಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿದಳು.

"ಖಲಾಸ್" ಎಂದಳು. "ಇವತ್ತ ಇಲ್ಲೇ ಹೇಳ್ರಿ. ಹೈಲಾನೋ ರೂಯಿಟಾನೋ? ನೀವು ಹೇಳೂತನಕ ನಾ ಗಾಡಿ ಚಾಲೂ ಮಾಡಂಗಿಲ್ಲ."

"ಅವಸರ ಯಾಕ? ವಿಚಾರ ಮಾಡಿ…"

"ನಾಕ್ ತಿಂಗಳ ಆತ್ರಿ. ನಾ ಈ ಬಿಸಿಲಾಗ ಬೆಂದ ಹೋಗಾಕತ್ತೇನಿ. ಓಡಸೂದು ನಾನು, ಕನ್ನಡಿ ನಿಮ್ಮ ಅಳತೀಗೆ. ಯಾರ ಸಲುವಾಗಿ ನೋಡಾಕತ್ತೀರಿ ಕಾರು?"

ವೀರೇಂದ್ರ ಎದುರಿನ ಟೈರ್ ಅಂಗಡಿಯನ್ನೇ ನೋಡುತ್ತ ಹೇಳಿದ. ಮೇ ತಿಂಗಳ ಕೊನೆಗೆ ದೋಹಾದ ಆಸ್ಪತ್ರೆಯಲ್ಲಿ ಅವಳು ಪಾರ್ಕಿಂಗ್ ಹುಡುಕುತ್ತ ಸುತ್ತುತ್ತಿದ್ದಾಗ, ಅವನೊಬ್ಬನೇ ವೈದ್ಯರ ಬಳಿ ಹೋಗಿದ್ದ. ಔಷಧ ಜೀವನಪೂರ್ತಿ, ಗಾಡಿ ಓಡಿಸುವ ಆಸೆ ಇನ್ನು ಬಿಟ್ಟುಬಿಡಿ ಎಂದಿದ್ದರು. ಹೊರಗೆ ಬಂದು ಅವಳಿಗೆ, "ಎಲ್ಲಾ ಆರಾಮ ಐತಂತ" ಎಂದಿದ್ದ.

"ಹೊಸಾದು ಬಂದ್ರ ಅದು ನಿನ್ನ ಕಾರು" ಎಂದ. "ಈ ಹಳೇದು ಇರೂತನಕ ನಂದನಸ್ತಿತ್ತು. ಶೋರೂಮಿನ್ಯಾಗರ ಒಂದೀಟ ಸ್ಟೇರಿಂಗ್ ಹಿಡಕೊಂಡ ಕೂಡಾಕ ಸಿಗತಿತ್ತು."

ದಾಕ್ಷಾಯಣಿಗೆ ಅಳು ಬರಲಿಲ್ಲ. ಮೊದಲು ಬಂದದ್ದು ಸಿಟ್ಟೇ.

"ನಾ ಲ್ಯಾಬಿನ್ಯಾಗ ದಿನಾ ಮಂದೀ ರಿಪೋರ್ಟ್ ನೋಡತೇನಿ. ನನ್ನ ಗಂಡಂದು ನನಗ ಗೊತ್ತಿಲ್ಲ. ಚಂದ ಆತು" ಎಂದಳು. ಕಾರಿನಿಂದಿಳಿದು, ಬಾಗಿಲು ಧಡಾರನೆ ಹಾಕಿ, ಪಂಪಿನ ಅಂಗಡಿಗೆ ಹೋಗಿ ಎರಡು ಕರಕ್ ಚಹಾ ತಂದಳು. ಒಂದನ್ನು ಅವನ ಕೈಗೆ ಕೊಟ್ಟು, ತನ್ನದನ್ನು ಹೊರಗೆ ನಿಂತೇ ಕುಡಿದಳು. ಅವನು ಸ್ಟೇರಿಂಗ್ ಹಿಡಿದು ಕೂತ ಚಿತ್ರ ಕಣ್ಣ ಮುಂದೆ ಬಂತು. ಅದನ್ನು ನೋಡಿ ಎಷ್ಟು ಸಲ ಹಲ್ಲು ಕಡಿದಿದ್ದಳು. ಈಗಲೂ ಕಡಿಯಬೇಕೆನಿಸಿತು, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಒಳಗೆ ಬಂದು ಕೂತು, "ಹೈಲಾನ್ ತಗೋತೇನಿ" ಎಂದಳು. "ಸೀಟ್ ನನಗ ಹೊಂದತೈತಿ. ಆದ್ರ ಆ ಬೈಗಳಾ ನನಗ ಆಗಂಗಿಲ್ಲ."

"ಅದನ್ನ ಬಂದ್ ಮಾಡಾಕ ಬರತೈತಿ" ಎಂದ ವೀರೇಂದ್ರ, ಚಹಾ ಊದುತ್ತ.

ಮರುವಾರ ಶೋರೂಮಿನಲ್ಲಿ ಅವಳು ತಾಹಿರ್‌ನನ್ನು ಅದನ್ನೇ ಕೇಳಿದಳು. ಅವನು ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಹೋದ. ವೀರೇಂದ್ರ ಪಕ್ಕದ ಸೀಟಿನಿಂದಲೇ ಪರದೆಯ ಮೇಲೆ ಬೆರಳಾಡಿಸಿ ಒಂದೊಂದೇ ದನಿಯನ್ನು ಅಡಗಿಸಿದ. ನಾಲ್ಕು ತಿಂಗಳ ವಿಡಿಯೋಗಳಿಂದ ಆದ ಲಾಭ ಅದೊಂದೇ. ಇಂಜಿನ್ ಆರಿಸಿದರೆ ಎಲ್ಲವೂ ಮತ್ತೆ ಎದ್ದು ಕೂರುತ್ತಿದ್ದವು, ಪ್ರತಿ ಸಲ ಹೊಸದಾಗಿ ಬಂದ್ ಮಾಡಬೇಕಿತ್ತು. "ನಾ ಮಾಡತೇನಿ ಬಿಡು" ಎಂದ. ಮುಂದೆ ಅವನಿಲ್ಲದ ದಿನಗಳಲ್ಲಿ ಅವಳು ಕ್ಲಿನಿಕ್ಕಿನವರೆಗೂ ಬೈಸಿಕೊಂಡೇ ಹೋಗುತ್ತಿದ್ದಳು.

ಬಿಳಿ ಬಣ್ಣದ ಹೈಲಾನ್ ನವೆಂಬರಿನಲ್ಲಿ ಮನೆಗೆ ಬಂತು. ಬಂದ ವಾರದಲ್ಲೇ ದೋಹಾದ ಅಲ್ ಸದ್ದ್‌ನ ಇಕ್ಕಟ್ಟಿನ ಗಲ್ಲಿಯೊಂದರಲ್ಲಿ ಕಂಬಕ್ಕೆ ತಾಗಿ ಎಡಬಾಗಿಲಿಗೆ ಉದ್ದನೆಯ ಗೀರು ಬಿತ್ತು. ವೀರೇಂದ್ರ ಇಳಿದು ನೋಡಿ, ಬೆರಳಿನಿಂದ ಸವರಿ, ಏನೂ ಹೇಳದೆ ಬಂದು ಕೂತ. ಹೇಳಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಚಳಿ ಹಿಡಿದ ಮೇಲೆ ಒಂದು ಶುಕ್ರವಾರ ದೋಹಾದ ಸೂಕ್ ವಾಕಿಫ್ ಪೇಟೆಯಲ್ಲಿ ಸುತ್ತಾಡಿ, ಮಗಳಿಗೆಂದು ಶಾಲು ಕೊಂಡು ಮರಳುತ್ತಿದ್ದರು. ಊರು ದಾಟಿ ಬಯಲು ಶುರುವಾದ ಮೇಲೆ ಪಕ್ಕದಿಂದ ಮಾತು ನಿಂತಿತು. ಮತ್ತೆ ಫಿಟ್ಸ್ ಬಂತೋ ಎಂದು ದಾಕ್ಷಾಯಣಿ ಬ್ರೇಕಿನ ಮೇಲೆ ಕಾಲಿಟ್ಟಳು. ತಿರುಗಿ ನೋಡಿದರೆ ವೀರೇಂದ್ರ ತಲೆ ಕಿಟಕಿಗೆ ಆನಿಸಿ, ಬಾಯಿ ತುಸು ತೆರೆದು, ನಿದ್ದೆ ಹೋಗಿದ್ದ. ಅವಳು ಗಾಡಿ ಓಡಿಸಲು ಶುರುಮಾಡಿದ ಮೇಲೆ ಅವನು ಕಾರಿನಲ್ಲಿ ಕಣ್ಣು ಮುಚ್ಚಿದ್ದು ಅದೇ ಮೊದಲು. ಅವಳು ಎಸಿಯ ಗುಂಡಿಯನ್ನು ಒಂದು ಗೀಟು ಕೆಳಗೆ ತಿರುಗಿಸಿ, ವೇಗ ಇಳಿಸಿದಳು.

ದುಖಾನ್ ಹತ್ತಿರ ಬಂದಾಗ ಅವನು ಎಚ್ಚೆತ್ತು ಹೊರಗೆ ನೋಡಿ, "ಇಷ್ಟೊತ್ತಿಗೆ ಮನೀ ಮುಟ್ಟಬೇಕಿತ್ತಲ್ಲ, ಯಾಕ ಇಷ್ಟ್ ಸಾವಕಾಶ ಹೊಡದಿ?" ಎಂದ.

"ಸುಮ್ಮ ಮಲಕೋರಿ" ಎಂದಳು ದಾಕ್ಷಾಯಣಿ.