ನಿಂತಿದೆ ಎಂಬ ಮಾತು

ಹತ್ತನೇ ತರಗತಿಯ ಮಕ್ಕಳಿಗೆ ನಿಷೇಚನದ ಪಾಠ ಮಾಡುತ್ತ ಬಹಳ ವರ್ಷಗಳಾದವು. ಪರಾಗ ಶಲಾಕಾಗ್ರದ ಮೇಲೆ ಬೀಳುತ್ತದೆ, ಅದರಿಂದ ಒಂದು ನಳಿಕೆ ಕೆಳಗಿಳಿಯುತ್ತದೆ, ಗಂಡು ಕೋಶ ಅಂಡವನ್ನು ಸೇರುತ್ತದೆ. ಆಮೇಲೆ ಬೀಜ, ಕಾಯಿ. ಪ್ರಾಣಿಗಳಲ್ಲೂ ಹೆಚ್ಚುಕಡಿಮೆ ಇದೇ. ಬೋರ್ಡಿನ ಮೇಲೆ ನಾನು ಬರೆಯುವ ಚಿತ್ರದಲ್ಲಿ ಇದು ಒಂದು ಸಲವೂ ತಪ್ಪಿದ್ದಿಲ್ಲ.

ನಮ್ಮ ಅತ್ತೆ ಓದಿದವರಲ್ಲ. ನಗರದಂಚಿನ ಕೋಗಿಲಿನಲ್ಲಿ ನಮ್ಮ ಮನೆಯ ಸುತ್ತಲಿನ ಹೊಲಗಳೆಲ್ಲ ಅಪಾರ್ಟ್‌ಮೆಂಟಾದ ಮೇಲೂ ಹಿತ್ತಲಲ್ಲಿ ಒಂದು ಹಸು, ತಾರಸಿಯ ಮೇಲೆ ಒಂದು ಕುಂಬಳದ ಬಳ್ಳಿ ಉಳಿಸಿಕೊಂಡಿದ್ದರು. ಜೇನ್ನೊಣ ಬರುವುದು ಕಡಿಮೆಯಾಗಿದೆ ಎಂದು ಬೆಳಿಗ್ಗೆ ತಾವೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುತ್ತಿದ್ದರು. ಹೆಣ್ಣು ಹೂವಿನ ಬುಡದಲ್ಲಿ ಮೊದಲಿಂದಲೇ ಒಂದು ಪೀಚು ಇರುತ್ತದೆ. ಪರಾಗ ತಾಗದಿದ್ದರೆ ಅದು ಹಳದಿಯಾಗಿ ಉದುರುತ್ತದೆ. ನನ್ನ ಪಾಠದಲ್ಲಿ ಉದುರುವುದಕ್ಕೆ ಚಿತ್ರವಿಲ್ಲ.

ಹಸುವಿಗೆ ಗಬ್ಬದ ಇಂಜೆಕ್ಷನ್ ಕೊಡಿಸಿದ ಮೇಲೆ ಅತ್ತೆ ದಿನ ಎಣಿಸುತ್ತಿದ್ದರು. ಮತ್ತೆ ಬೆದೆಗೆ ಬರದಿದ್ದರೆ ‘ನಿಂತೈತೆ’ ಎನ್ನುತ್ತಿದ್ದರು. ಗಬ್ಬ ನಿಂತಿದೆ ಎಂದರ್ಥ. ನನಗೆ ಮದುವೆಯಾದ ಮೇಲೆ ಆ ಮಾತು ನನ್ನ ಕಡೆಗೂ ತಿರುಗಿತು. ಅವರಿಗೆ ಹಸು ಬೇರೆ, ಸೊಸೆ ಬೇರೆ ಅಲ್ಲವೇ ಎಂದು ಒಳಗೇ ಉರಿದುಕೊಳ್ಳುತ್ತಿದ್ದೆ.

ಆರು ವರ್ಷ ಕಾದು, ಕೊನೆಗೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಗಾಜಿನ ತಟ್ಟೆಯಲ್ಲಿ ನಿಷೇಚನ ಮಾಡಿ, ಭ್ರೂಣವನ್ನು ಒಳಗೆ ಇರಿಸಿದರು. ರಕ್ತಪರೀಕ್ಷೆಯಲ್ಲಿ ಬಸಿರೆಂದು ಗೊತ್ತಾದದ್ದನ್ನು ನಾನೂ ನನ್ನ ಗಂಡನೂ ಮುಚ್ಚಿಟ್ಟೆವು. ಸ್ಕ್ಯಾನ್ ಆಗಲಿ, ಹೃದಯ ಬಡಿಯುವುದನ್ನು ನೋಡಿ ಹೇಳೋಣ ಎಂದುಕೊಂಡಿದ್ದೆವು. ಮೊದಲ ಸಲ ನೋಡಿದಾಗ ಬಡಿಯುತ್ತಿತ್ತು. ಇನ್ನೊಂದು ಸಲ ನೋಡಿಬಿಡಲಿ ಎಂದು ಆಗಲೂ ಹೇಳಲಿಲ್ಲ. ಅತ್ತೆ ದಿನಾ ಕೇಳುವರು, ನಾನು ದಿನಾ ಗೊತ್ತಿಲ್ಲ ಎನ್ನುವೆ.

ಎರಡನೆಯ ಸಲ ಡಾಕ್ಟರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಆಗಲೇ ನನಗೆ ತಿಳಿಯಿತು.

ಹೊರಗೆ ರಸ್ತೆಯ ಬದಿ ನಿಂತು ನಾನೇ ಮನೆಗೆ ಫೋನ್ ಮಾಡಿದೆ. ಇಷ್ಟು ದಿನ ಮುಚ್ಚಿಟ್ಟದ್ದು ಸಾಕಾಗಿತ್ತು. ಮೇಲೆ ಫ್ಲೈಓವರಿನ ಸದ್ದು, ಅತ್ತೆಗೆ ಕಿವಿ ಮಂದ. “ಹಾರ್ಟ್‌ಬೀಟ್ ನಿಂತಿದೆಯಂತೆ ಅತ್ತೆ” ಎಂದೆ. ಅವರು ಏನೋ ಅಂದು ಫೋನ್ ಇಟ್ಟುಬಿಟ್ಟರು. ಅತ್ತಿರಬೇಕು ಎಂದುಕೊಂಡೆ.

ಕೋಗಿಲು ಕ್ರಾಸ್ ದಾಟಿ ಮನೆ ಮುಟ್ಟುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಪಕ್ಕದ ಮನೆಯವರು ನನ್ನನ್ನು ನೋಡಿ ನಕ್ಕರು. ಹಸುವಿನ ಹಣೆಗೆ ಕುಂಕುಮ, ಮೂತಿಯಲ್ಲಿ ಬೆಲ್ಲದ ಅಂಟು. ಅತ್ತೆ ಬಾಗಿಲಲ್ಲೇ ಕಾದಿದ್ದರು, ಮುಷ್ಟಿಯಲ್ಲಿ ಸಕ್ಕರೆ ಹಿಡಿದು. ನಾನು ಮಾತೆತ್ತುವ ಮೊದಲೇ ನನ್ನ ಬಾಯಿಗೆ ಹಾಕಿದರು.

“ನಿಂತ್ಕೊಂತಲ್ಲವ್ವ, ಅಷ್ಟು ಸಾಕು. ಇನ್ನ ಭಾರ ಎತ್ಬ್ಯಾಡ” ಎಂದರು.

ಸಕ್ಕರೆ ಉಗುಳಲಾಗಲಿಲ್ಲ. ನುಂಗಿದೆ. ಗಂಡ ಅವರನ್ನು ಒಳಗೆ ಕರೆದುಕೊಂಡು ಹೋಗಿ ಹೇಳಿದರು. ಸ್ವಲ್ಪ ಹೊತ್ತಿಗೆ ಅತ್ತೆ ಹೊರಗೆ ಬಂದು, ಒಂದು ಲೋಟ ನೀರು ನನ್ನ ಮುಂದಿಟ್ಟು, ತಾವು ಸಕ್ಕರೆ ಹಂಚಿದ್ದ ಮನೆಗಳಿಗೆ ಒಂದೊಂದಾಗಿ ಹೋಗಿ ಹೇಳಿ ಬಂದರು. ನನ್ನನ್ನು ಕಳಿಸಲಿಲ್ಲ, ಮಗನನ್ನೂ ಕಳಿಸಲಿಲ್ಲ. ಅಷ್ಟು ವರ್ಷ ಅವರ ಮೇಲಿಟ್ಟುಕೊಂಡಿದ್ದ ಸಿಟ್ಟಿಗೆ ಅಂದು ನನಗೆ ನಾಚಿಕೆಯಾಯಿತು.

ಕೆಲವು ತಿಂಗಳ ನಂತರ ದನದ ಡಾಕ್ಟರು ಬಂದು ಹಸುವನ್ನು ಪರೀಕ್ಷಿಸಿದರು. ಗಬ್ಬವಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಬೇಲಿಯಾಚೆಯಿಂದ, “ನಿಂತೈತಾ ಅಜ್ಜಿ?” ಎಂದು ಕೇಳಿದರು.

ನಾನು ಹಿತ್ತಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅತ್ತೆ ನನ್ನ ಕಡೆ ನೋಡಿದರು.

“ಆಗೈತೆ” ಎಂದರು, ಮೆಲ್ಲಗೆ.