ಹೊಟ್ಟಿನ ಒಲೆಯ ತಳ

ಸವಣೂರಿನ ಗಂಗಾಬಾಯಿಗೆ ಮದುವೆ ಅಡಿಗೆಯಲ್ಲಿ ನಾಲ್ಕು ತಾಲೂಕಿನ ಹೆಸರಿತ್ತು. ಖರೆ ಹೇಳಬೇಕೆಂದರೆ ಹೆಸರು ಅವಳ ಗಂಡ ಗುರುರಾಜರದು, ಕೆಲಸ ಇಬ್ಬರದೂ. ಹಾನಗಲ್ಲಿನಲ್ಲಿ ಮುಂಜಿವೆಯಿರಲಿ, ಶಿಗ್ಗಾವಿಯಲ್ಲಿ ಮದುವೆಯಿರಲಿ, ಹಿರೇಕೆರೂರಿನ ಕಡೆ ಯಾರ ಮನೆಯ ಸಂತರ್ಪಣೆಯಿರಲಿ, ಬಸ್ಸಿನ ಟಾಪಿನ ಮೇಲಿಂದ ಮೊದಲು ಇವರ ಒಲೆ ಇಳಿಯುತ್ತಿತ್ತು, ಆಮೇಲೆ ಇವರು. ಕಟ್ಟಿಗೆ ಕೊಯ್ಯುವ ಅಡ್ಡೆಯ ಹೊಟ್ಟು ತುಂಬಿ ಉರಿಸುವ ಕಬ್ಬಿಣದ ಒಲೆ ಅದು. 1971ರಲ್ಲಿ ಊರಿನ ತಗಡಿನ ಕೆಲಸದ ಮಜೀದ ಹಳೆಯ ಡ್ರಮ್ಮೊಂದನ್ನು ಕತ್ತರಿಸಿ, ಕೆಳಗೊಂದು ಬಾಯಿ ಕೊರೆದು ಮಾಡಿಕೊಟ್ಟಿದ್ದ. ಮಡಿ ಅಡಿಗೆಯ ಒಲೆಯನ್ನು ಮಜೀದ ಮುಟ್ಟಬಹುದೇ ಎಂದು ಯಾರೋ ಮೂಗು ಮುರಿದಾಗ, ಬೆಂಕಿ ಹಾಕಿದ ಮೇಲೆ ಮೈಲಿಗೆ ಎಲ್ಲಿ ಉಳಿಯಿತು ಎಂದು ಗುರುರಾಜರು ಅಲ್ಲೇ ತೀರ್ಪು ಕೊಟ್ಟು ಕೈ ತೊಳೆದುಕೊಂಡಿದ್ದರು.

ಆ ಒಲೆ ತುಂಬುವುದು ಒಬ್ಬರ ಕೆಲಸವಲ್ಲ. ನಡುವೆ ಒಂದು ದುಂಡನೆಯ ಗೂಟ ನಿಲ್ಲಿಸಬೇಕು. ಕೆಳಗಿನ ಬಾಯಿಂದ ಇನ್ನೊಂದು ಗೂಟ ತೂರಿಸಿ ಅದರ ಬುಡಕ್ಕೆ ತಾಗಿಸಬೇಕು. ಸುತ್ತಲೂ ಹೊಟ್ಟು ಸುರಿದು ಗಟ್ಟಿಯಾಗಿ ಜಡಿದು, ಕಡೆಗೆ ಎರಡೂ ಗೂಟಗಳನ್ನು ತಿರುವುತ್ತ ಮೆಲ್ಲಗೆ ಎಳೆದರೆ ಗಾಳಿ ಓಡುವ ದಾರಿ ಉಳಿಯುತ್ತದೆ. ನಡುವಿನ ಗೂಟ ಒಂದು ಬೆರಳು ವಾಲಿದರೂ ಹೊಟ್ಟು ಕುಸಿದು, ಒಲೆ ಹೊಗೆಯಾಡಿ ನಂದಿಹೋಗುತ್ತದೆ. ಗೂಟ ಹಿಡಿಯುವವಳು ಗಂಗಾಬಾಯಿ, ಜಡಿಯುವವರು ಗುರುರಾಜರು.

"ನೆಟ್ಟಗ ಹಿಡಿ."

"ನೆಟ್ಟಗ ಅದರೀ. ನೀವು ಒಂದ ಕಡೆ ಜಡೀಲಿಕ್ಕೆ ಹತ್ತೀರಿ."

ಈ ಜಗಳ ಪ್ರತಿ ಮದುವೆಯಲ್ಲೂ ಆಗಬೇಕು. ಹತ್ತು ಜನರ ಎದುರು ಗಂಡ ಹೆಂಡತಿ ಒಂದು ಚಾಪೆಯ ಮೇಲೂ ಕೂರದ ಕಾಲ. ಆದರೆ ಒಲೆ ತುಂಬುವಾಗ ಇಬ್ಬರ ಹಣೆಗಳ ನಡುವೆ ಗೇಣು ಜಾಗವೂ ಇರುತ್ತಿರಲಿಲ್ಲ. ಗುರುರಾಜರ ಗೋಪಿಚಂದನದ ವಾಸನೆಯೂ ಹೊಸ ಹೊಟ್ಟಿನ ವಾಸನೆಯೂ ಕೂಡಿ ಬರುತ್ತಿದ್ದುದು ಗಂಗಾಬಾಯಿಗೆ ಬಹಳ ಹಿತವಾಗಿತ್ತು. ಹಿತವಾಗಿತ್ತು ಎಂದು ಗಂಡನಿಗೆ ಒಂದು ದಿನವೂ ಹೇಳಲಿಲ್ಲ. ಜಗಳವನ್ನಂತೂ ತಪ್ಪದೆ ಆಡಿದಳು.

ಆಷಾಢದ ಏಕಾದಶಿಯಿಂದ ತುಲಸಿ ಮದುವೆಯವರೆಗೆ ದೇವರೇ ಮಲಗಿರುವಾಗ ಮನುಷ್ಯರಿಗೆಲ್ಲಿಯ ಮದುವೆ? ಮಳೆಗಾಲದ ಆ ನಾಲ್ಕು ತಿಂಗಳು ಒಲೆಗೂ ರಜೆ. ಆದರೆ ಮಣ್ಣಿನ ಮಾಳಿಗೆಯ ಮನೆ, ಗೋಡೆಯೆಲ್ಲ ತಂಪು ಹಿಡಿದು ಬೆವರುತ್ತಿರುವಾಗ ಕಬ್ಬಿಣ ಸುಮ್ಮನೆ ಮಲಗುವುದಿಲ್ಲ. ಅದಕ್ಕೇ ಗುರುರಾಜರು ಒಲೆಯನ್ನು ಕೂಸಿನ ಹಾಗೆ ಸಜ್ಜು ಮಾಡಿ ಮಲಗಿಸುತ್ತಿದ್ದರು. ಬೂದಿ ಪೂರ್ತಿ ತೆಗೆದು ಒಳಗೆ ತೆಂಗಿನ ನಾರಿನಿಂದ ತಿಕ್ಕುವುದು, ಹಿಡಿ ಹೊಟ್ಟು ಉರಿಸಿ ತೇವದ ಪಸಿ ಆರಿಸುವುದು, ಮೈ ಬೆಚ್ಚಗಿರುವಾಗಲೇ ಔಡಲೆಣ್ಣೆ ಒರೆಸುವುದು, ಗಾಳಿಯಾಡುವಂತೆ ಎರಡು ಇಟ್ಟಂಗಿಯ ಮೇಲೆ ಬೋರಲು ಹಾಕುವುದು. ಒಳಗಿನದೆಲ್ಲ ಅವರ ಕೆಲಸ, ಹೊರಮೈಗೆ ಎಣ್ಣೆ ಒರೆಸುವುದಷ್ಟೇ ಗಂಗಾಬಾಯಿಯದು. ಬೋರಲು ಹಾಕುವ ಮುಂಚೆ ಅಂಗಳದಲ್ಲಿ ಕೈ ತೊಳೆಯುತ್ತ ಅವರು ಕೂಗಿ ಕೇಳುತ್ತಿದ್ದರು.

"ಗಂಗಾ, ತಳ ನೋಡಿದೇನು?"

"ನೋಡೇನ್ರೀ!"

ಅವಳು ನೋಡಿರುತ್ತಿರಲಿಲ್ಲ. ಅದು ಅವರಿಗೂ ಗೊತ್ತು. ಬಂದು ತಾವೇ ಬಗ್ಗಿ ನೋಡಿ, "ಸುಳ್ಳ ಹೇಳೂದರಾಗ ಮಾತ್ರ ಹುಷಾರಿದ್ದೀ" ಎಂದು ನಗುತ್ತ ಬೋರಲು ಹಾಕುತ್ತಿದ್ದರು. ಆರು ಮಳೆಗಾಲ ಹೀಗೇ ಕಳೆದವು.

1977ರ ವೈಶಾಖದಲ್ಲಿ ಶಿಗ್ಗಾವಿಯ ಒಂದು ಮದುವೆ ಮುಗಿಸಿ ಬಂದರು. ಮರುವಾರ ತೆಗೆದರಾಯಿತೆಂದು ಒಲೆಯನ್ನು ಬೂದಿಯ ಸಮೇತ ಪಡಸಾಲೆಯ ಮೂಲೆಗಿಟ್ಟರು. ಮೂರನೆಯ ದಿನ ಸ್ನಾನ ಮಾಡಿ ಬಂದ ಗುರುರಾಜರು ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಆಷಾಢ ಬಂದಾಗ ಗಂಗಾಬಾಯಿ ನಾರು ಹಿಡಿದು ಒಲೆಯ ಮುಂದೆ ಕೂತಳು. ಒಳಗೆ ನಾಲ್ಕು ಬೆರಳು ಬೂದಿ, ಮೇಲ್ಗಡೆ ಅರ್ಧ ಕರಕಾದ ಹೊಟ್ಟಿನ ಒಂದು ಹೆಂಟೆ. ಆ ಹೆಂಟೆಯ ಮೇಲೆ ಜಡಿದ ಗುರುತು ಇನ್ನೂ ಇತ್ತು. ಅವರ ಕೈ ಜಡಿದದ್ದು, ಅವರೇ ಹಚ್ಚಿದ ಕಡೆಯ ಬೆಂಕಿ. ಅವರ ಅಸ್ಥಿ ತುಂಗಭದ್ರೆಯ ಪಾಲಾಗಿತ್ತು, ಧೋತರಗಳನ್ನು ಮಂದಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಅವರು ಮಾಡಿಟ್ಟದ್ದು ಮಾಡಿಟ್ಟಂತೆಯೇ ಉಳಿದದ್ದು ಇದೊಂದೇ. ಹೇಗೆ ತೆಗೆದು ತಿಪ್ಪೆಗೆ ಸುರಿಯುವುದು? ಅವಳಿಂದ ಆಗಲಿಲ್ಲ.

ಬೂದಿ ಬಿಟ್ಟಳು. ಬೋರಲು ಹಾಕಿದರೆ ಚೆಲ್ಲುತ್ತದೆಂದು ಒಲೆಯನ್ನು ಬಾಯಿ ಮೇಲಾಗಿಯೇ ಇಟ್ಟು, ಮೇಲೆ ಎರಡು ಪದರ ಗೋಣಿತಟ್ಟು ಬಿಗಿದು ಕಟ್ಟಿದಳು. ಹೊರಮೈಗೆ ಮಾತ್ರ ಔಡಲೆಣ್ಣೆ ಒರೆಸಿದ್ದೇ ಒರೆಸಿದ್ದು. ಗುರುರಾಜರಿದ್ದಾಗ ವರ್ಷಕ್ಕೊಮ್ಮೆ ಮಾಡುತ್ತಿದ್ದ ಕೆಲಸವನ್ನು ಈಗ ಪ್ರತಿ ಏಕಾದಶಿಗೂ ಮಾಡಿದಳು. ಮಾಳಿಗೆ ಸೋರಿದರೆ ತನ್ನ ಹಾಸಿಗೆ ಸರಿಸುವ ಮುಂಚೆ ಒಲೆ ಸರಿಸಿದಳು. ಗಂಡ ತೀರಿದ ಆ ವರ್ಷ ಹೊರಗೆ ಹೋಗುವಂತಿರಲಿಲ್ಲ, ಮಾತಾಡಿಸುವವರೂ ಕಡಿಮೆ. ಎಣ್ಣೆ ಒರೆಸುತ್ತ ಒಲೆಯ ಕೂಡ ಮಾತಾಡಿದಳೆಂದರೆ ನಗಬೇಡಿ.

ವರುಷಾಂತಿಕಕ್ಕೆ ಹಿರೇಕೆರೂರಿನಿಂದ ಅವಳ ತಮ್ಮ ವೆಂಕಟೇಶ ಬಂದ. ಸಾಲೆಯ ಮಾಸ್ತರ, ಒಳ್ಳೆಯ ಮನುಷ್ಯ. ಒಳ್ಳೆಯವನಾದ್ದರಿಂದಲೇ ಅವನಿಗೆ ಇಲ್ಲವೆನ್ನುವುದು ಕಷ್ಟ.

"ಒಬ್ಬಾಕಿ ಇಲ್ಲೇ ಏನ ಮಾಡ್ತೀ ಅಕ್ಕಾ? ನಮ್ಮ ಮನೀಗೆ ಬಂದುಬಿಡು. ಅಡಿಗಿಮನ್ಯಾಗ ಒಂದ ಕೈ ಆಸರ ಆಗ್ತದ."

ಆ ಒಂದು ಕೈ ಆಸರೆಯ ಅರ್ಥ ಗಂಗಾಬಾಯಿಗೆ ಗೊತ್ತಿತ್ತು. ನಾಲ್ಕು ತಾಲೂಕಿನ ಪಂಕ್ತಿಗೆ ಉಣಿಸಿದವಳು ತಮ್ಮನ ಹೆಂಡತಿ ಕೊಟ್ಟ ಅಳತೆಯ ಬೇಳೆ ಬೇಯಿಸಿ, ಉಳಿದ ಹೊತ್ತು ಮೂಲೆಯಲ್ಲಿ ಜಪಮಣಿ ಎಣಿಸಬೇಕು. ಅವಳು, "ಹಾನಗಲ್ಲ ಶ್ರೀಪಾದರ ಮಗಳ ಮದುವಿ ಕಾರ್ತೀಕದಾಗ ಅದ. ಅಡಿಗಿ ಮಾಡ್ತೀನಂತ ನಿಮ್ಮ ಭಾವ ಎರಡ ವರ್ಷದ ಹಿಂದನ ಮಾತು ಕೊಟ್ಟಾರ. ಅದೊಂದು ಆಗಲಿ" ಎಂದಳು.

"ಆಗಲಿ. ಅದು ಸಾಗಿದ್ರ ಇಲ್ಲೇ ಇರು. ಸಾಗಲಿಲ್ಲಂದ್ರ ಮತ್ತ ಹಟ ಮಾಡಬಾರದು, ನೋಡು."

ಗಂಗಾಬಾಯಿ ಒಪ್ಪಿದಳು. ಇನ್ನೊಂದು ಮಳೆಗಾಲ ಕಳೆಯಿತು, ಇನ್ನೊಂದಿಷ್ಟು ಔಡಲೆಣ್ಣೆ ಖರ್ಚಾಯಿತು.

1978ರ ತುಲಸಿ ಮದುವೆಯ ಮರುದಿನ, ಹಾನಗಲ್ಲಿನ ಮದುವೆಗೆ ಆರು ದಿನ ಇರುವಾಗ, ಒಲೆಯನ್ನು ಹೊರಗೆಳೆದಳು. ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಎಳೆದ ಜಾಗದಲ್ಲಿ ಮಾತ್ರ ನೆಲದ ಮೇಲೆ ಕೆಂಪು ಹುಡಿ ಬಿದ್ದಿತ್ತು. ಗೋಣಿತಟ್ಟು ಬಿಚ್ಚಿ ನೋಡಿದರೆ ಬೂದಿ ಹಸಿ ಸುಣ್ಣದ ಹಾಗೆ ಗಟ್ಟಿಯಾಗಿ ತಳಕ್ಕೆ ಅಂಟಿತ್ತು. ಒಲೆಯನ್ನು ವಾಲಿಸಿ ತಳವನ್ನು ಒಂದು ಬೆರಳಿನಿಂದ ಒತ್ತಿದಳು. ಬೆರಳು ತಳ ದಾಟಿ ಒಳಗಿನ ಬೂದಿಗೆ ತಾಗಿತು.

ಮಜೀದನಿಗೆ ಹೇಳಿಕಳಿಸಿದಳು. ಅವನು ಬಂದವನೇ ಒಲೆಯನ್ನು ಮಗ್ಗುಲು ಮಾಡಿ, ಸುತ್ತಿಗೆಯಿಂದ ಒಮ್ಮೆ ತಟ್ಟಿ, ಉದುರಿದ ಚಕ್ಕೆಯನ್ನು ಎತ್ತಿ ತೋರಿಸಿದ.

"ಮ್ಯಾಲ ನೋಡಿದ್ರ ಮದಲಗಿತ್ತಿ ಆಗೇತ್ರಿ ಬಾಯಾರ. ತಳಾನ ಇಲ್ಲ. ಬೂದಿ ತಗೀಲಾರದ ಇಟ್ಟಿದ್ರೇನು?"

"ಹೂಂ."

"ಬೂದಿ ಮಳಿಗಾಲದಾಗ ತ್ಯಾವ ಕುಡೀತೈತ್ರಿ. ಕುಡದು ಕಬ್ಬಣಾ ತಿಂತೈತಿ. ಮ್ಯಾಲ ಬಾಯಿ ಬ್ಯಾರೆ ಕಟ್ಟೀರಿ, ಒಳಗಿನ ತ್ಯಾವ ಹೊರಗ ಹ್ಯಾಂಗ ಹೋಗಬೇಕು? ಸ್ವಾಮ್ಯಾರು ನನಗ ನೂರು ಸರ್ತಿ ಹೇಳ್ಯಾರ, ಒಲಿ ಜಂಗು ಹಿಡಿಯೂದು ಒಳಗಿಂದ ಅಂತ. ನಿಮಗ ಹೇಳಿರಲಿಲ್ಲೇನು?"

ಹೇಳಿರಲಿಲ್ಲ. ಹೇಳುವ ಬದಲು ಗುರುರಾಜರು ವರ್ಷವರ್ಷವೂ ತಾವೇ ಬಗ್ಗಿ ನೋಡಿದ್ದರು. ಯಾವ ಬೂದಿಯನ್ನು ಗಂಗಾಬಾಯಿ ಎರಡು ಮಳೆಗಾಲ ಕಣ್ಣಲ್ಲಿ ಕಣ್ಣಿಟ್ಟು ಕಾದಳೋ ಅದೇ ಒಲೆಯನ್ನು ತಿಂದಿತ್ತು. ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಹಿರೇಕೆರೂರಿನ ಅಡಿಗೆಮನೆಯ ಮೂಲೆ ಕಣ್ಣಿಗೆ ಕಟ್ಟಿತು.

ಹೊರಗೆ ಬಂದಾಗ ಮಜೀದ ಬೂದಿಯನ್ನೆಲ್ಲ ಕೆರೆದು ಬುಟ್ಟಿಗೆ ತುಂಬಿ ತಿಪ್ಪೆಯ ಕಡೆ ಹೊರಟಿದ್ದ.

"ಇಡು ಅದನ್ನ! ಇಲ್ಲೇ ಇಡು."

ಅವನು ಅವಳ ಮುಖ ನೋಡಿ ಬುಟ್ಟಿ ಇಳಿಸಿದ. ಹೊಸ ತಳ ಹಾಕಲು ನಾಲ್ಕು ದಿನ ಟೈಮು ಕೇಳಿ ಒಲೆಯನ್ನು ಕೈಗಾಡಿಗೆ ಹೇರಿದ.

ಅಂದು ಮಧ್ಯಾಹ್ನ ಗಂಗಾಬಾಯಿ ಅಟ್ಟದ ಮೇಲಿನ ದೊಡ್ಡ ಹಂಡೆ, ಕೊಳಗ, ಬೋಗುಣಿಗಳನ್ನೆಲ್ಲ ಇಳಿಸಿದಳು. ಒಂದೂವರೆ ವರ್ಷ ಸುಮ್ಮನೆ ಕೂತು ಹಿತ್ತಾಳೆ ಕಪ್ಪಿಟ್ಟಿತ್ತು. ಬೂದಿಯ ಹೆಂಟೆಗಳನ್ನು ಒಡೆದು ಜರಡಿ ಹಿಡಿದಳು, ಹುಣಸೆಹಣ್ಣು ಕೂಡಿಸಿಕೊಂಡು ಬಾವಿಕಟ್ಟೆಯ ಮೇಲೆ ತಿಕ್ಕಲು ಕೂತಳು. ತಿಕ್ಕುತ್ತ ಅತ್ತಳು, ಅಳುತ್ತ ತಿಕ್ಕಿದಳು. ಸಂಜೆಗೆ ಬೂದಿ ಮುಗಿದಿತ್ತು. ಪಾತ್ರೆಗಳು ಬೆಳಗುತ್ತಿದ್ದವು.

ಮಜೀದ ಹೇಳಿದ ದಿನಕ್ಕೇ ಒಲೆ ತಂದ. ದಪ್ಪ ತಗಡಿನ ಹೊಸ ತಳ. ಆ ತಳದ ನಟ್ಟನಡುವೆ, ಕೇಳದೇ ಇದ್ದರೂ, ಅರ್ಧ ಬಳೆಯಂಥ ಒಂದು ಪಟ್ಟಿ ಬೆಸೆದಿದ್ದ.

"ಏನಿದು?"

ಮಜೀದ ನೆಲ ನೋಡಿದ. "ಗೂಟ ನಿಂದರ್ಸಾಕ್ರಿ. ಇದರಾಗ ಇಟ್ರ ಅಲುಗೂದಿಲ್ಲ. ಇನ್ನ ಒಬ್ಬರ ತುಂಬಬೇಕಲ್ರಿ ಬಾಯಾರ, ಅದಕ."

ಗಂಗಾಬಾಯಿಗೆ ಸಿಟ್ಟು ಬಂತು. ಉಪಕಾರ ಮಾಡಿದವನ ಮೇಲೆ ಬರುವ, ತೋರಿಸಲಾಗದ ಸಿಟ್ಟು. ಒಬ್ಬಳೇ ಎಂಬುದನ್ನು ಮಂದಿ ಬಾಯಿಂದ ಹೇಳಿದ್ದರು, ಇವನು ಕಬ್ಬಿಣದಲ್ಲಿ ಬೆಸೆದು ತಂದಿದ್ದ.

ಹಾನಗಲ್ಲಿನಲ್ಲಿ ಮದುವೆಯ ಬೆಳಿಗ್ಗೆ ಅವಳು ಮಡಿಯುಟ್ಟು ಒಲೆಯ ಮುಂದೆ ಕೂತಳು. ಹಯಗ್ರೀವಕ್ಕೆ ಈ ಒಲೆಯ ಸಣ್ಣ ಉರಿಯೇ ಬೇಕು. ಇದು ಕೈಕೊಟ್ಟು, ಸೌದೆಯ ಬೆಂಕಿಯಲ್ಲಿ ಕಡಲೆಬೇಳೆ, ಬೆಲ್ಲ ತಳ ಹಿಡಿದರೆ ಇನ್ನೂರು ಎಲೆಯ ಮುಂದೆ ಗುರುರಾಜರ ಮಾತೂ ಹೋಯಿತು, ಅವಳ ಮನೆಯೂ ಹೋಯಿತು. ವೆಂಕಟೇಶ ಬಂದು ಚಪ್ಪರದಲ್ಲಿ ಕೂತಿದ್ದ. ಶ್ರೀಪಾದರ ತಾಯಿ ಯಮುನಾಬಾಯಿ ಮಡಿಯಲ್ಲೇ ಇದ್ದವರು ಹತ್ತಿರ ಬಂದು, "ನಾ ಹಿಡೀತೀನಿ, ಗೂಟ ಇಲ್ಲೆ ಕೊಡು" ಎಂದರು.

"ಬ್ಯಾಡ್ರಿ" ಎಂದಳು ಗಂಗಾಬಾಯಿ. ಆ ಜಾಗದಲ್ಲಿ ಇನ್ನೊಬ್ಬರ ಹಣೆ ಅವಳಿಗೆ ಬೇಕಾಗಿರಲಿಲ್ಲ.

ಗೂಟವನ್ನು ಪಟ್ಟಿಯೊಳಗೆ ಇಳಿಸಿದಳು. ನೆಟ್ಟಗೆ ನಿಂತಿತು. ಹೊಟ್ಟು ಸುರಿದು ಜಡಿಯತೊಡಗಿದಳು. ಎಡಗೈ ಮಾತ್ರ ಗೂಟ ಹಿಡಿಯಲು ತಾನಾಗಿಯೇ ಹೋಗುತ್ತಿತ್ತು. ಹೊಟ್ಟಿನ ವಾಸನೆ ಬಂತು. ಅದರ ಜೊತೆಗೆ ಬರಬೇಕಾದ ಇನ್ನೊಂದು ವಾಸನೆ ಬರಲಿಲ್ಲ. "ನೆಟ್ಟಗ ಹಿಡಿ" ಎಂದು ಯಾರಾದರೂ ಬೈಯಬಾರದೇ ಎನ್ನಿಸಿತು. ಕಣ್ಣೊರೆಸಿಕೊಂಡಾಗ ಯಮುನಾಬಾಯಿ ಏನಾಯಿತೆಂದು ಕೇಳಿದರು, ಇವಳು ಹೊಟ್ಟಿನ ಧೂಳೆಂದಳು. ಗೂಟ ತಿರುವಿ ಎಳೆದಳು. ದಾರಿ ಕುಸಿಯಲಿಲ್ಲ. ಕೆಳಗಿನ ಬಾಯಿಗೆ ಕಿಡಿ ಹಿಡಿದಾಗ ಉರಿ ಹೊಗೆಯಿಲ್ಲದೆ ನಡುವಿನಿಂದ ಮೇಲೆ ಬಂತು.

ಮಧ್ಯಾಹ್ನ ಪಂಕ್ತಿಯಲ್ಲಿ ಕೂತವರು ಹಯಗ್ರೀವವನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ವೆಂಕಟೇಶ ಉಂಡು ಕೈ ತೊಳೆದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಹಿರೇಕೆರೂರಿನ ಮಾತೆತ್ತಲಿಲ್ಲ.

"ಇನ್ನ ಮುಂದಿನ ಮದುವಿ ಎಲ್ಲಿ ಅಕ್ಕಾ?" ಎಂದ.

"ಶಿಗ್ಗಾವಿಯೊಳಗ" ಎಂದಳು. ಆಗಲೇ ಇಬ್ಬರು ಬಂದು ಕೇಳಿ ಹೋಗಿದ್ದರು.

ಮರುವರ್ಷ ಕಡೆಯ ಮದುವೆ ಮುಗಿಸಿ ಬಂದ ದಿನವೇ, ಮೋಡ ಕಟ್ಟುವ ಮುಂಚೆ, ಗಂಗಾಬಾಯಿ ಒಲೆಯನ್ನು ಅಂಗಳಕ್ಕೆ ತಂದಳು. ಬೂದಿ ತೆಗೆದಳು. ನಾರು ಹಿಡಿದು ಪಟ್ಟಿಯ ಸಂದಿಯವರೆಗೂ ತಿಕ್ಕಿದಳು. ಹಿಡಿ ಹೊಟ್ಟು ಉರಿಸಿ ಪಸಿ ಆರಿಸಿದಳು, ಆ ಬೂದಿಯನ್ನೂ ಒರೆಸಿ ತೆಗೆದಳು. ಬೆಚ್ಚಗಿರುವಾಗಲೇ ಒಳಗೂ ಹೊರಗೂ ಎಣ್ಣೆ ಒರೆಸಿದಳು. ಎರಡು ಇಟ್ಟಂಗಿ ಜೋಡಿಸಿದಳು. ಬೋರಲು ಹಾಕಲು ಕೈ ಹಾಕಿದವಳು ತಡೆದು, ಒಲೆಯೊಳಗೆ ತಲೆ ಬಗ್ಗಿಸಿ ಬಹಳ ಹೊತ್ತು ನೋಡಿದಳು. ಎಲ್ಲಿಯೂ ಒಂದು ಕೆಂಪು ಚುಕ್ಕೆ ಇರಲಿಲ್ಲ.

ಕೈ ತೊಳೆಯುವ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಯಾರೂ ಏನೂ ಕೇಳಿರಲಿಲ್ಲ. ಗಂಗಾಬಾಯಿ ಆ ಕಡೆ ಮುಖ ಮಾಡಿ, ಅಂಗಳಕ್ಕೆಲ್ಲ ಕೇಳುವಂತೆ, "ನೋಡೇನ್ರೀ" ಎಂದಳು.

ಆ ಮಾತು ಖರೆಯಾದದ್ದು ಅದೇ ಮೊದಲು.