ಐದನೆಯ ಕಂತಿನ ಆರು ನಿಮಿಷ

ಆ ಧಾರಾವಾಹಿ ಟೀವಿಯಲ್ಲಿ ಬರುವುದಿಲ್ಲ ಎಂದು ನಮ್ಮಲ್ಲಿ ಮೊದಲು ಗೊತ್ತಾದದ್ದು ನನಗೆ. ಮರಾಠಿ ಸೀಮೆಯ ಉಮರ್ಗಾದ ನಮ್ಮ ಓಣಿಗೆ ಕೇಬಲ್ ಕೊಡುವವನನ್ನು ತಡೆದು ಕೇಳಿದ್ದೆ. ಅವನು ಗಾಡಿಯಿಂದ ಇಳಿಯದೆಯೇ ಹೇಳಿದ: "ಕೇಬಲ್‌ನಾಗ ಇಲ್ರಿ ಬಾಯಿ. ಡಿಶ್‌ನಾಗೂ ಇಲ್ಲ. ಆ್ಯಪ್ ತಗೋಬೇಕು, ರೊಕ್ಕಾ ಕಟ್ಟಬೇಕು. ಅದೊಂದ್ರಾಗೇ ಬರ್ತದ, ಬ್ಯಾರೆ ಎಲ್ಲಿ ಹುಡುಕಿದ್ರೂ ಸಿಗಂಗಿಲ್ಲ."

ಅಷ್ಟು ಹೊತ್ತಿಗೆ ನನ್ನ ತವರೂರು ದಾಳಿಂಬದಲ್ಲಿ ವೈನಿ ಮನೆಯ ಡಿಶ್ ರೀಚಾರ್ಜ್ ಮಾಡಿಸಿಕೊಂಡು ಕಾಯುತ್ತಿದ್ದಳು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಆ ಧಾರಾವಾಹಿಯಲ್ಲಿ ನನ್ನ ಅಣ್ಣ ಇದ್ದ. ಅಣ್ಣ ತೀರಿಕೊಂಡು ಆಗ ಏಳು ತಿಂಗಳಾಗಿತ್ತು.

ಅವನು ಅದರೊಳಗೆ ಸೇರಿದ್ದು ಟ್ರ್ಯಾಕ್ಟರಿನ ದೆಸೆಯಿಂದ. ನಿಲಂಗಾದ ಆಚೆ, ಕಲ್ಲು ತೆಗೆದು ಬಿಟ್ಟ ಖಣಿಯ ಬಯಲಿನಲ್ಲಿ, ಮುಂಬಯಿಯ ಒಂದು ಕಂಪನಿಯವರು ಮಂಗಳ ಗ್ರಹ ಕಟ್ಟಿದ್ದರು. ಮಂಗಳದ ಮೇಲೆ ಓಡಾಡುವ ಗಾಡಿಗೆ ಅವರಿಗೆ ಒಂದು ಟ್ರ್ಯಾಕ್ಟರ್ ಬೇಕಿತ್ತು. ಅಣ್ಣನ ಟ್ರ್ಯಾಕ್ಟರಿಗೆ ಬಿಳಿ ಫೈಬರ್ ಹಾಳೆ ಹೊದಿಸಿ, ಮೇಲೆ ಪೈಪು, ತಟ್ಟೆ, ದೀಪ ಕೂಡಿಸಿದರು. ನಡೆಸಲು ಅವರ ಹತ್ತಿರ ಒಬ್ಬ ನಟನಿದ್ದ. ಅಣ್ಣ ಒಪ್ಪಲಿಲ್ಲ. "ನನ್ನ ಟ್ರ್ಯಾಕ್ಟರ್ ಮ್ಯಾಲ ನಾ ಬಿಟ್ರ ಮತ್ತೊಬ್ಬ ಕುಂದರಂಗಿಲ್ಲ" ಎಂದನಂತೆ. ಕೊನೆಗೆ ಆ ಬಿಳಿ ಅಂಗಿ ಮತ್ತು ಹೆಲ್ಮೆಟ್ಟನ್ನು ಅವನಿಗೇ ತೊಡಿಸಿದರು. ಹನ್ನೊಂದು ದಿನ ಹೋಗಿ ಬಂದ. ದಾಳಿಂಬದ ಕಟ್ಟೆಯ ಮೇಲೆ ಅವನಿಗೆ ಮಂಗಳದ ಮಾಲಕ ಎಂದು ಹೆಸರು ಬಿತ್ತು. ಕಥೆ ಏನು, ಅದರಲ್ಲಿ ನಿನ್ನದೇನು ಎಂದು ಯಾರು ಕೇಳಿದರೂ ಒಂದೇ ಉತ್ತರ: "ಕಾಗದದ ಮ್ಯಾಲ ಸಹಿ ಮಾಡೀನಪ್ಪಾ. ಹೇಳಂಗಿಲ್ಲ." ವೈನಿಗೂ ಹೇಳಲಿಲ್ಲ.

ಅದಾದ ಎರಡು ತಿಂಗಳಿಗೆ ಅವನು ಟ್ರ್ಯಾಕ್ಟರಿನ ಸಾಮಾನು ತರಲು ಉದಗೀರಕ್ಕೆ ಹೊರಟ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಸ್ತರಿನ ಬಟ್ಟೆ ಬೇಕಿತ್ತು, ನಾನೂ ಜೊತೆಗೆ ಹೋದೆ. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಅವನಿಗೆ ಎದೆ ಹಿಡಿಯಿತು. ದವಾಖಾನೆಯಲ್ಲಿ ಮುಕ್ಕಾಲು ಗಂಟೆ ಇದ್ದ. ಅಷ್ಟು ಹೊತ್ತು ಅವನ ಹತ್ತಿರ ಇದ್ದವಳು ನಾನೊಬ್ಬಳು. ವೈನಿ ಜೀಪು ಮಾಡಿಕೊಂಡು ಹೊರಟಿದ್ದಳು. ನಿಲಂಗಾ ಬಸ್ ಸ್ಟ್ಯಾಂಡಿನ ಹತ್ತಿರ ಜೊತೆಯಲ್ಲಿದ್ದವರಿಗೆ ಫೋನು ಬಂತು. ಅವರು ಆಕೆಗೆ ಏನೂ ಹೇಳದೆ ಜೀಪನ್ನು ಹಿಂದಕ್ಕೆ ತಿರುಗಿಸಿದರು. ಆಕೆ ಅವನನ್ನು ನೋಡಿದ್ದು ದಾಳಿಂಬದ ಮನೆಯಲ್ಲಿ. ಆ ಹೊತ್ತಿಗೆ ಅವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಬಿಗಿದಿದ್ದರು. ಹಣೆ, ಕೆನ್ನೆ ಎಲ್ಲ ವಿಭೂತಿ.

ಮೂರನೆಯ ದಿನ ಆಕೆ ನನ್ನನ್ನು ಕೇಳಿದಳು: "ಕಡೀಗಿ ಮಾರಿ ಹ್ಯಾಂಗಿತ್ತು?"

"ಶಾಂತ ಇತ್ತು" ಎಂದೆ. ಅದು ನಿಜವಲ್ಲ.

ಹೀಗಾಗಿ ಧಾರಾವಾಹಿಯ ಸುದ್ದಿ ಬಂದಾಗ ಆಕೆಗೆ ಬೇಕಾದದ್ದು ಒಂದೇ ಆಗಿತ್ತು. ಅದನ್ನು ಬಾಯಿ ಬಿಟ್ಟೇ ಹೇಳಿದಳು. "ಕಥೀ ಗಿಥೀ ನನಗ ಬ್ಯಾಡ. ಆತನ ಮಾರಿ ಒಮ್ಮಿ ನೋಡಬೇಕು." ಫೋಟೋ ಇವೆಯಲ್ಲ ಎಂದೆ. "ಫೋಟೋ ಅವ. ಫೋಟೋದಾಗ ಮಾರಿ ಅಲುಗಾಡಂಗಿಲ್ಲ" ಎಂದಳು.

ಒಂದು ತಿಂಗಳ ಲೆಕ್ಕದಲ್ಲಿ ನಾನು ಆ ಆ್ಯಪ್ ಅನ್ನು ಫೋನಿನಲ್ಲಿ ತೆಗೆದುಕೊಂಡು ಟೀವಿಗೆ ಜೋಡಿಸಿದೆ. ಎಂಟು ಕಂತುಗಳನ್ನೂ ಒಂದೇ ದಿನ ಬಿಟ್ಟಿದ್ದರು. ಆದರೆ ವೈನಿ ದಿನಕ್ಕೊಂದೇ ನೋಡೋಣ ಎಂದಳು. ಮಧ್ಯಾಹ್ನದ ಊಟ ಮುಗಿಸಿ ದಾಳಿಂಬದಿಂದ ಶೇರ್ ಆಟೋದಲ್ಲಿ ಬರುತ್ತಿದ್ದಳು, ನೋಡಿಕೊಂಡು ಹೋಗುತ್ತಿದ್ದಳು. ಎದುರು ಮನೆಯ ಅಜ್ಜಿಯೂ ಬಂದು ಕೂರತೊಡಗಿದರು. ಅಜ್ಜಿಗೆ ಹಿಂದಿ ಬರುವುದಿಲ್ಲ. ವೈನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು, ಹಿಂದಿ ತಿಳಿಯುತ್ತದೆ, ಆದರೆ ಇದರಲ್ಲಿದ್ದ ಹಿಂದಿ ಅರ್ಧ ವಿಜ್ಞಾನದ್ದು. ಆದ್ದರಿಂದ ಆಗಾಗ ನಿಲ್ಲಿಸಿ ನಾನು ಅರ್ಥ ಹೇಳಬೇಕಾಯಿತು.

ಅರ್ಥ ಹೇಳುವುದು ನನಗೆ ಹೊಸದಲ್ಲ. ಶ್ರಾವಣದಲ್ಲಿ ನಮ್ಮ ಓಣಿಯ ಮಠದಲ್ಲಿ ಸಂಜೆ ಪುರಾಣ ನಡೆಯುತ್ತದೆ. ಒಬ್ಬರು ಕನ್ನಡ ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅದರ ಅರ್ಥ ಬಿಡಿಸುತ್ತಾರೆ. ಆರು ವರ್ಷದಿಂದ ಅರ್ಥ ಬಿಡಿಸುವವಳು ನಾನು. ಮರುದಿನದ ಸಂಧಿಯನ್ನು ಮೊದಲೇ ಮನೆಯಲ್ಲಿ ಓದಿಕೊಂಡು ಹೋಗಬೇಕು. ಇನ್ನೊಂದು ರೂಢಿಯೂ ಇದೆ. ವರ್ಷದೊಳಗೆ ಸಾವು ಕಂಡ ಮನೆಯವರು ಕೇಳಲು ಕೂತಿರುವಾಗ ಸಾವಿನ ಪ್ರಸಂಗ ಬಂದರೆ, ಓದುವವರು ಪದ್ಯ ಓದುತ್ತಾರೆ, ಅರ್ಥ ಹೇಳುವವರು ಸುಮ್ಮನಿರುತ್ತಾರೆ. ಯಾಕೆ ಹೇಳಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಅದು ಶ್ರಾವಣವೇ. ನಾನು ಎರಡೂ ರೂಢಿಗಳನ್ನು ಮನೆಗೆ ತಂದೆ.

ಮೊದಲ ಕಂತಿನಲ್ಲಿ ಬಿಳಿ ಗಾಡಿ ಕೆಂಪು ಧೂಳಿನೊಳಗಿನಿಂದ ಬಂತು. ಮೇಲೆ ಬಿಳಿ ಅಂಗಿಯವನು. ಹೆಲ್ಮೆಟ್ಟಿನ ಗಾಜಿಗೆ ಬಂಗಾರದ ಬಣ್ಣ, ಮುಖ ಕಾಣದು. ವೈನಿ ಒಂದು ಕ್ಷಣ ನೋಡಿ, "ಆತನೇ. ಎಡಗಡೆ ಭುಜಾ ಇಳಿಸಿ ಕುಂದರ್ತಾನ, ನೋಡು" ಎಂದಳು. ಅಜ್ಜಿ ಕನ್ನಡಕ ಒರೆಸಿಕೊಂಡು ನೋಡಿದರು.

"ಇದು ನಮ್ಮ ನಿಲಂಗಾದ ಕಡಿ ಖಣಿ ಅಲ್ಲೇನ?"

"ಹೌದ್ರಿ ಅಜ್ಜಿ. ಖರೆ ಇದರಾಗ ಮಂಗಳ ಗ್ರಹ."

"ಮಂಗಳ ಇಷ್ಟ ಹತ್ತರ ಅದ ಅಂತ ಗೊತ್ತಿದ್ರ ನಾನೂ ಆಟೋ ಮಾಡ್ಕೊಂಡು ಹೋಗ್ತಿದ್ನೆಲ್ಲವ್ವ."

ಎರಡು, ಮೂರು, ನಾಲ್ಕನೆಯ ಕಂತಿನಲ್ಲೂ ಹಾಗೆಯೇ. ಗಾಡಿ, ಕೈ, ಬೆನ್ನು, ಬಂಗಾರದ ಗಾಜು. ವೈನಿ ದಿನವೂ ಕೇಳುತ್ತಿದ್ದಳು: "ಟೊಪಗಿ ಯಾವಾಗ ತಗೀತಾನ?" ಅಜ್ಜಿ ಉತ್ತರ ಕೊಡುತ್ತಿದ್ದರು: "ಅಲ್ಲಿ ಹವಾನೇ ಇಲ್ಲ ಅಂತ ನಿನ್ನ ನಾದನಿ ಹೇಳ್ಯಾಳಲ್ಲ. ತಗದ್ರ ಉಸರು ಎಲ್ಲಿಂದ ತರ್ತಾನ?"

ಐದನೆಯ ಕಂತನ್ನು ನಾನು ಎಂದಿನಂತೆ ಬೆಳಿಗ್ಗೆ ಒಬ್ಬಳೇ ನೋಡಿದೆ. ಸುಮಾರು ಅರ್ಧಕ್ಕೆ ಗಾಡಿ ಒಂದು ಗುಂಡಿಯ ಅಂಚಿಗೆ ಬಂದು ವಾಲಿತು, ಉರುಳಿತು. ಬಿಳಿ ಅಂಗಿಯ ಮನುಷ್ಯ ಅದರಿಂದ ಹೊರಗೆ ಬಿದ್ದ. ಎದೆಯ ಮೇಲೆ ಕೈ ಇಟ್ಟುಕೊಂಡ. ನಾನು ಅಲ್ಲಿ ನಿಲ್ಲಿಸಿದೆ. ಅದರ ಮುಂದಿನದನ್ನು ನೋಡಲಿಲ್ಲ. ಬೆರಳಿನಿಂದ ಫೋನಿನ ಸಮಯದ ಪಟ್ಟಿಯನ್ನು ಮುಂದಕ್ಕೆ ತಳ್ಳಿದೆ. ಬೇರೆ ಯಾರೋ ಇಬ್ಬರು ಒಂದು ಕೋಣೆಯಲ್ಲಿ ಮಾತಾಡುವ ಕಡೆ ಅದು ನಿಂತಿತು. ಅಲ್ಲಿಂದ ಕೊನೆಯವರೆಗೆ ನೋಡಿದೆ. ಅವನು ಸತ್ತ ಎಂದು ಅವರ ಮಾತಿನಿಂದ ತಿಳಿಯಿತು.

ಮಧ್ಯಾಹ್ನ ಅದೇ ಜಾಗ ಬಂದಾಗ, ಗಾಡಿ ವಾಲುವ ಮೊದಲೇ, ನಾನು ನಿಲ್ಲಿಸಿ ಅರ್ಥ ಹೇಳಿದೆ. "ಅಂವಾ ನೀರ ಹುಡುಕ್ಕೊಂತ ಗುಡ್ಡದ ಆಚಿ ಹೋಗ್ಯಾನ. ಅಲ್ಲೇ ಉಳೀತಾನ." ಹೇಳುತ್ತಲೇ ಪಟ್ಟಿಯನ್ನು ಮುಂದಕ್ಕೆ ಒಯ್ದೆ.

"ಒಬ್ಬನೇ?" ಎಂದರು ಅಜ್ಜಿ.

"ಒಬ್ಬನೇ."

ವೈನಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ಉಳಿದ ಮೂರು ಕಂತುಗಳಿಗೂ ತಪ್ಪದೆ ಬಂದಳು. ಬಿಳಿ ಗಾಡಿ ಮತ್ತೆ ಬರಲಿಲ್ಲ. ಎಂಟನೆಯದು ಮುಗಿದಾಗ, "ಮಾರಿ ತೋರಸಲೇ ಇಲ್ಲ ಬಿಡು" ಎಂದು ಚಪ್ಪಲಿ ಮೆಟ್ಟಿ ಹೋದಳು.

ಆಕೆ ಮತ್ತೆ ಬಂದದ್ದು ಭಾದ್ರಪದದಲ್ಲಿ, ಇಪ್ಪತ್ತೈದು ದಿನಗಳಾದ ಮೇಲೆ. ಬಂದವಳು ಕೂರಲಿಲ್ಲ. ಶಿರೂರ ಅನಂತಪಾಳದಲ್ಲಿ ಆಕೆಯ ತಂಗಿ ಇದ್ದಾಳೆ. ಆ ತಂಗಿ ಹಿಂದಿನ ದಿನ ಫೋನು ಮಾಡಿದ್ದಳಂತೆ.

"ಐದನೇದ್ರಾಗ ಭಾವನ ಮಾರಿ ಟೀವಿ ತುಂಬ ಬಂದದ ಅಕ್ಕಾ, ನೀ ಹ್ಯಾಂಗ ತಡಕೊಂಡಿ ಅಂತ ಕೇಳ್ಯಾಳ. ನಾ ಏನು ಹೇಳಲಿ ಆಕಿಗಿ?"

ನಾನು ಮಶಿನ್ನಿನ ಮುಂದಿನಿಂದ ಎದ್ದೆ.

"ನೀ ಗುಡ್ಡದ ಆಚಿ ಕಳಿಸಿದ್ದಿ ಆತನ್ನ" ಎಂದಳು ವೈನಿ. "ನಮ್ಮ ಮನ್ಯಾಗ ಸೂತಕದ ವರ್ಷ ಅದ, ಸಾವಿನ ಸಂಧಿ ಬಂದಿರಬೇಕು, ಆಕಿ ಅರ್ಥ ಹೇಳಲಾರದ ಬಿಟ್ಟಾಳ ಅಂತ ಅವತ್ತೇ ತಿಳೀತು ನನಗ. ಅದಕ್ಕ ಸುಮ್ನ ಇದ್ದೆ. ಮಾರಿ ಅಲ್ಲೇ ಇತ್ತು ಅಂಬೋದು ತಿಳೀಲಿಲ್ಲ. ನಿನಗ ತಿಳಿದಿತ್ತಿಲ್ಲೋ?"

"ಇಲ್ಲ. ನಾನೂ ನೋಡಿಲ್ಲ."

"ಯಾಕ ನೋಡಿಲ್ಲ?"

ಆ ಪ್ರಶ್ನೆಗೆ ರೂಢಿಯ ಉತ್ತರ ನನ್ನ ಹತ್ತಿರ ಇತ್ತು. ಆದರೆ ಅದು ಸರಿಯಾದ ಉತ್ತರವಲ್ಲ ಎಂದು ಅಲ್ಲೇ ನಿಂತಾಗ ಗೊತ್ತಾಯಿತು. ಮಠದಲ್ಲಿ ಅರ್ಥವನ್ನು ಮಾತ್ರ ಬಿಡುತ್ತಾರೆ. ಪದ್ಯವನ್ನು ಓದಿಯೇ ಓದುತ್ತಾರೆ. ಅದು ಎಲ್ಲರ ಕಿವಿಗೆ ಬೀಳುತ್ತದೆ, ತಿಳಿದುಕೊಳ್ಳುವವರು ತಿಳಿದುಕೊಳ್ಳುತ್ತಾರೆ. ನಾನು ಪದ್ಯವನ್ನೇ ತೆಗೆದು, ಇಲ್ಲದ ಅರ್ಥ ಸೇರಿಸಿದ್ದೆ. ಅದೂ ಆಕೆಗಾಗಿ ಅಲ್ಲ. ಬೆಳಿಗ್ಗೆ ಒಬ್ಬಳೇ ಕೂತಿದ್ದಾಗ ನನ್ನ ಎದುರಿಗೆ ಸೂತಕದವರು ಯಾರೂ ಇರಲಿಲ್ಲ.

"ಒಮ್ಮಿ ನೋಡೀನಲ್ಲ ವೈನಿ, ಉದಗೀರದಾಗ" ಎಂದೆ. "ಎರಡನೇ ಸಲ ಆಗಲಿಲ್ಲ."

ಆಕೆ ಕುರ್ಚಿ ಎಳೆದುಕೊಂಡು ಕೂತಳು. "ಹಚ್ಚು."

ಆ್ಯಪ್ ತೆರೆದರೆ ತಿಂಗಳ ಅವಧಿ ಮುಗಿದಿತ್ತು. ಮತ್ತೆ ತೆಗೆದುಕೊಳ್ಳಲು ನಾಲ್ಕೈದು ನಿಮಿಷ ಹಿಡಿಯಿತು. ವೈನಿ ಅವಸರ ಮಾಡಲಿಲ್ಲ. ನಾನು ಬಿಟ್ಟದ್ದು ಹತ್ತು ನಿಮಿಷ ಎಂದು ನನ್ನ ಎಣಿಕೆಯಾಗಿತ್ತು. ನೋಡಿದರೆ ಅದು ಆರು ನಿಮಿಷ ನಲವತ್ತು ಸೆಕೆಂಡು.

ಗಾಡಿ ವಾಲಿತು, ಉರುಳಿತು. ಅವನು ಬಿದ್ದ. ಇನ್ನೊಬ್ಬ ನಟ ಓಡಿ ಬಂದು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಲ್ಮೆಟ್ಟು ತೆಗೆದ. ಅಣ್ಣನ ಮುಖ ಪರದೆಯ ತುಂಬ ಬಂತು. ಮೀಸೆಯ ಮೇಲೆ ಕೆಂಪು ಪುಡಿ. ಕಿವಿಯ ಹತ್ತಿರ ನಿಜವಾದ ಬೆವರು. ಕಣ್ಣನ್ನು ಮೆಲ್ಲಗೆ ಮುಚ್ಚು ಎಂದು ಹೇಳಿರಬೇಕು, ಅವನು ಕಣ್ಣಿಗೆ ಸಾಬೂನು ಹೋದವರ ಹಾಗೆ ಗಟ್ಟಿಯಾಗಿ ಮುಚ್ಚಿದ. ತುಟಿಯ ಒಂದು ಮೂಲೆ ಮೇಲಕ್ಕೆ ಹೋಗಿ ಇಳಿಯಿತು. ಮತ್ತೆ ಹೋಗಿ ಇಳಿಯಿತು.

"ನಗು ತಡಕೊಳ್ಳಲತ್ಯಾನ" ಎಂದಳು ವೈನಿ. "ನೋಡು, ನೋಡು. ಅಕ್ಕಿಕಾಳ ಬೀಳೋವಾಗ ಹಿಂಗೇ ಮಾಡಿದ್ದ. ಮದವಿ ಮನ್ಯಾಗ ನಮ್ಮಪ್ಪ ಬೈದಿದ್ದ." ಆಕೆ ನಕ್ಕಳು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು. ಮುಖ ಇದ್ದದ್ದು ಒಂದು ನಿಮಿಷಕ್ಕೂ ಕಡಿಮೆ. ಆಕೆ ಹೇಳಿದ ಕಡೆ ನಾನು ನಿಲ್ಲಿಸಿದೆ. ಮುಖ ನಿಂತಿತು.

ಪರದೆಯಿಂದ ಕಣ್ಣು ತೆಗೆಯದೆ ಆಕೆ ಕೇಳಿದಳು: "ಉದಗೀರದಾಗ ಹಿಂಗ ಇತ್ತೇನು?"

"ಇಲ್ಲ."

"ಶಾಂತ ಇತ್ತು ಅಂದಿದ್ದಿ."

"ಶಾಂತ ಇರಲಿಲ್ಲ."

ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನಿಗೆ ಮಲಗಲು ಆಗುತ್ತಿರಲಿಲ್ಲ. ಮಂಚದ ಕಬ್ಬಿಣ ಹಿಡಿದುಕೊಂಡು ಕೂತಿದ್ದ. ಸೂಜಿ ಚುಚ್ಚಿದ ನರ್ಸನ್ನು ಬೈದ. ಸುಮ್ಮನೆ ನಿಂತಿದ್ದೀಯಲ್ಲ ಎಂದು ನನ್ನನ್ನೂ ಬೈದ. ಅವನಿಗೆ ಹೆದರಿಕೆಯಾಗಿತ್ತು. ಅದು ಕಣ್ಣಿನಲ್ಲಿ ಕಾಣುತ್ತಿತ್ತು. ಆಕಿ ಎಲ್ಲಿತನಾ ಬಂದಾಳ ಎಂದು ಕೇಳಿದ. ನಿಲಂಗಾ ದಾಟ್ಯಾಳ ಎಂದೆ. ಇನ್ನೊಮ್ಮೆ ಕೇಳಿದ. ಮತ್ತೆ ಹಾಗೇ ಹೇಳಿದೆ. ಆಮೇಲೆ ಕೇಳಲಿಲ್ಲ.

"ಆಗ ನಾ ನಿಲಂಗಾ ಇರಲಿ, ಈಚಿ ಕಾಸಾರ ಶಿರಸೀನೂ ದಾಟಿರಲಿಲ್ಲ" ಎಂದಳು ವೈನಿ.

"ನನಗ ಗೊತ್ತಿತ್ತು."

"ಎರಡ ಸಲ ಕೇಳಿದನೇನು?"

"ಎರಡ ಸಲ."

ಆಕೆ ತಲೆಯಾಡಿಸಿದಳು. ನನ್ನ ಮೇಲೆ ಸಿಟ್ಟಾಗಿದ್ದಳೋ ಇಲ್ಲವೋ ನಾನು ಹೇಳಲಾರೆ. ಆ ದಿನವೂ ತಿಳಿಯಲಿಲ್ಲ, ಆಮೇಲೂ ಆಕೆ ಹೇಳಿಲ್ಲ. ಆ ಹೊತ್ತಿಗೆ ಎದುರು ಮನೆಯ ಅಜ್ಜಿ ಬಾಗಿಲಲ್ಲಿ ಕಾಣಿಸಿಕೊಂಡರು. ಪರದೆಯ ಮೇಲಿನ ಮುಖವನ್ನು, ಅದರ ಕೆಳಗಿನ ಬಿಳಿ ಅಂಗಿಯ ಕೊರಳನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಇಂವಾ ಗುಡ್ಡದ ಆಚಿಂದ ಯಾವಾಗ ಬಂದ?"

ನಾನು ಬಾಯಿ ತೆರೆದೆ. ವೈನಿ ಕೈ ಎತ್ತಿ ನನ್ನನ್ನು ತಡೆದಳು.

"ಗುಡ್ಡಕ್ಕ ಹೋಗೇ ಇಲ್ರಿ ಅಜ್ಜಿ. ಗಾಡಿ ಬಿದ್ದದ. ಸಾಯಲತ್ಯಾನ" ಎಂದು ಪಕ್ಕದ ಕುರ್ಚಿಯನ್ನು ಅವರ ಕಡೆ ಸರಿಸಿದಳು. "ಬರ್ರಿ, ಕುಂದರ್ರಿ. ಮೊದಲಿಂದ ಹಚ್ಚತೀವಿ."